ಕೋಳಿಗಣಕ್ಕೆ ಸೇರಿದವರು, ಹೊರಬಿದ್ದವರು

1612ರಲ್ಲಿ ಮೊಗಲ್ ದೊರೆ ಜಹಾಂಗೀರನ ಆಸ್ಥಾನಕ್ಕೆ ಗೋವಾದಿಂದ ಕೆಲವು ವಿಚಿತ್ರ ಪ್ರಾಣಿಪಕ್ಷಿಗಳು ಬಂದವು. ತಂದವನು ಮುಕರ್ರಬ್ ಖಾನ್. ಪೋರ್ಚುಗೀಸರ ಬಳಿ ಅಪರೂಪದ್ದು ಏನೇ ಸಿಕ್ಕರೂ ಬೆಲೆ ನೋಡದೆ ಕೊಂಡು ತಾ ಎಂದು ದೊರೆಯೇ ಅವನನ್ನು ಕಳಿಸಿದ್ದ. ಬಂದವುಗಳಲ್ಲಿ ಒಂದು ಹಕ್ಕಿಯ ಹೆಸರು ಆಸ್ಥಾನದಲ್ಲಿ ಯಾರಿಗೂ ಗೊತ್ತಿರಲಿಲ್ಲ. ಹೆಸರಿಲ್ಲದ್ದನ್ನು ವರ್ಣಿಸುವುದು ಹೇಗೆ? ಜಹಾಂಗೀರ್ ತನ್ನ ನೆನಪಿನ ಹೊತ್ತಗೆಯಲ್ಲಿ ಕಂಡುಕೊಂಡ ದಾರಿ ಸರಳವಾಗಿತ್ತು. ಗಾತ್ರದಲ್ಲಿ ಅದು ಹೆಣ್ಣು ನವಿಲಿಗಿಂತ ದೊಡ್ಡದು, ಗಂಡು ನವಿಲಿಗಿಂತ ಚಿಕ್ಕದು. ಬೆದೆ ಬಂದಾಗ ನವಿಲಿನ ಹಾಗೆ ಗರಿ ಬಿಚ್ಚಿ ಕುಣಿಯುತ್ತದೆ. ಕೊಕ್ಕು ಮತ್ತು ಕಾಲು ಮಾತ್ರ ಹುಂಜದವೇ. ತಲೆ, ಕತ್ತುಗಳ ಬಣ್ಣ ಗಳಿಗೆಗೊಂದು. ಇಷ್ಟು ಬರೆದು ಅವನು ಸುಮ್ಮನಾಗಲಿಲ್ಲ, ಚಿತ್ರವನ್ನೂ ಬರೆಸಿದ. ಉಸ್ತಾದ್ ಮನ್ಸೂರ್ ಬಿಡಿಸಿದ ಆ ಚಿತ್ರ ಇಂದು ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಮ್ಮಿನಲ್ಲಿದೆ.

ಆ ಹಕ್ಕಿ ಅಮೆರಿಕದ ಟರ್ಕಿ ಕೋಳಿ. ಅದರ ತವರು ಯಾವುದೆಂಬ ಗೊಂದಲ ಯುರೋಪಿನಲ್ಲೂ ಕಡಿಮೆಯಿರಲಿಲ್ಲ. ಇಂಗ್ಲಿಷರು ತುರ್ಕಿಯದೆಂದರು. ತುರ್ಕರು ‘ಹಿಂದಿ’ ಎಂದು ಕರೆದು ಹಿಂದೂಸ್ತಾನಕ್ಕೆ ತಳ್ಳಿದರು. ಫ್ರೆಂಚರ ‘ದ್ಯಾಂಡ್’ ಎಂಬ ಹೆಸರಿನಲ್ಲೂ ಇಂಡಿಯಾ ಅಡಗಿದೆ. ಡಚ್ಚರಂತೂ ‘ಕಾಲ್ಕೂನ್’ ಎಂದು ಹೆಸರಿಟ್ಟು ಮೆಕ್ಸಿಕೋದ ಕಡೆಯ ಹಕ್ಕಿಯನ್ನು ಮಲಬಾರಿನ ಕಲ್ಲಿಕೋಟೆಗೆ ಗಂಟು ಹಾಕಿಬಿಟ್ಟರು. ಊರಿನ ವಿಷಯದಲ್ಲಿ ಎಲ್ಲರೂ ತಪ್ಪಿದರು. ಆದರೆ ಇದು ಕೋಳಿಯ ನಂಟ ಎಂಬ ವಿಷಯದಲ್ಲಿ ಆಗ್ರಾದ ದೊರೆಗಾಗಲಿ ಯುರೋಪಿನ ಪಂಡಿತರಿಗಾಗಲಿ ಸಂಶಯ ಹುಟ್ಟಲಿಲ್ಲ. 146 ವರ್ಷಗಳ ನಂತರ ಸ್ವೀಡನ್ನಿನ ಕಾರ್ಲ್ ಲಿನಿಯಸ್ ಈ ಹಕ್ಕಿಯ ವೈಜ್ಞಾನಿಕ ಹೆಸರಿನಲ್ಲಿ ಉಳಿಸಿಕೊಂಡ ‘ಗ್ಯಾಲೊಪಾವೊ’ ಎಂಬ ಪದ ಹುಂಜ ಮತ್ತು ನವಿಲುಗಳನ್ನು ಜೋಡಿಸಿ ಮಾಡಿದ್ದು. ಜಹಾಂಗೀರನ ವರ್ಣನೆಯೂ ಅದೇ ಅಲ್ಲವೇ!

ಲಿನಿಯಸ್‌ನ ‘ಸಿಸ್ಟೆಮಾ ನ್ಯಾಚುರೇ’ ಗ್ರಂಥದ 10ನೇ ಆವೃತ್ತಿ ಹೊರಬಂದದ್ದು 1758ರಲ್ಲಿ. ಪ್ರಾಣಿಗಳ ಇಂದಿನ ವೈಜ್ಞಾನಿಕ ಹೆಸರುಗಳ ಲೆಕ್ಕ ಶುರುವಾಗುವುದು ಅಲ್ಲಿಂದಲೇ. ಲೋಕದ ಹಕ್ಕಿಗಳನ್ನೆಲ್ಲ ಅವನು ಆರು ಗಣಗಳಿಗೆ ಹಂಚಿದ. ಅವುಗಳಲ್ಲಿ ಒಂದಕ್ಕೆ ‘ಗ್ಯಾಲಿನೇ’ ಎಂದು ಹೆಸರಿಟ್ಟ. ಲ್ಯಾಟಿನ್ನಿನಲ್ಲಿ ಗ್ಯಾಲಸ್ ಎಂದರೆ ಹುಂಜ, ಗ್ಯಾಲಿನಾ ಎಂದರೆ ಹೇಂಟೆ. ನವಿಲು, ಟರ್ಕಿ, ದಕ್ಷಿಣ ಅಮೆರಿಕದ ಕ್ರ್ಯಾಕ್ಸ್, ಕೋಳಿಯೂ ಸೇರಿದಂತೆ ಫೆಸೆಂಟುಗಳು, ಗೌಜಲು ಮತ್ತು ಲಾವುಗೆಗಳನ್ನು ಒಳಗೊಂಡ ಗ್ರೌಸ್ ಬಳಗ, ಇವಿಷ್ಟೂ ಆ ಗಣದ ಒಳಗೆ. ಬಾಗಿದ ಮೇಲ್ಗೊಕ್ಕು, ಅದು ಕೆಳಗೊಕ್ಕಿನ ಮೇಲೆ ಚಾವಣಿಯಂತೆ ಕವಿದುಕೊಂಡಿರುವುದು, ನೆಲದ ಮೇಲಿನ ಕಾಳು ಹೆಕ್ಕುವ ಬದುಕು ಅದರ ಗುರುತುಗಳು. ಇಂಗ್ಲಿಷಿನಲ್ಲಿ ಇಂಥ ಹಕ್ಕಿಗಳಿಗೆ ಹೇಳುವ ಗ್ಯಾಲಿನೇಶಿಯಸ್ ಎಂಬ ವಿಶೇಷಣವೂ, ಇಂದು ಪಠ್ಯಪುಸ್ತಕಗಳಲ್ಲಿರುವ ಗ್ಯಾಲಿಫಾರ್ಮಿಸ್ ಎಂಬ ಗಣದ ಹೆಸರೂ ಈ ಹೇಂಟೆಯ ಸಂತಾನವೇ.

ಆದರೆ ಗುಂಪು ಲಿನಿಯಸ್‌ಗಿಂತ ಬಹಳ ಹಳೆಯದು.

ಗ್ರೀಸಿನ ಅರಿಸ್ಟಾಟಲ್ ಹಕ್ಕಿಗಳನ್ನು ಅವುಗಳ ಸ್ನಾನದಿಂದ ಬೇರ್ಪಡಿಸಿದ್ದ. ಕೆಲವು ನೀರಲ್ಲಿ ಮೀಯುತ್ತವೆ, ಕೆಲವು ಧೂಳಿನಲ್ಲಿ ಹೊರಳುತ್ತವೆ, ಕೆಲವು ಎರಡನ್ನೂ ಮಾಡುತ್ತವೆ. ಹೆಚ್ಚು ಹಾರದೆ ನೆಲಕ್ಕೆ ಅಂಟಿಕೊಂಡ ಕೋಳಿ, ಗೌಜಲು, ಫೆಸೆಂಟುಗಳು ಧೂಳಿನವು. ಎರಡು ಸಾವಿರ ವರ್ಷ ಕಳೆದ ಮೇಲೂ ಇಟಲಿಯ ಬೊಲೊನ್ಯಾದಲ್ಲಿ ಉಲಿಸ್ಸೆ ಅಲ್ದ್ರೊವಾಂದಿ 1600ರಲ್ಲಿ ಪ್ರಕಟಿಸಿದ ಪಕ್ಷಿಗ್ರಂಥದಲ್ಲಿ ಕೋಳಿಗೆ ಸಿಕ್ಕ ಸ್ಥಾನ ‘ಧೂಳಿನಲ್ಲಿ ಮೀಯುವ ಸಾಕುಹಕ್ಕಿಗಳು’ ಎಂಬ ಭಾಗದಲ್ಲಿ. ಅಂಗಳದ ಬೂದಿಗುಂಡಿಯಲ್ಲಿ ಮಗ್ಗುಲಾಗಿ ಹೊರಳುವ ಹೇಂಟೆಯನ್ನು ಕಂಡವರಿಗೆ ಈ ವಿಂಗಡಣೆ ಅಷ್ಟೇನೂ ಹಾಸ್ಯಾಸ್ಪದ ಎನಿಸಲಾರದು.

ಭಾರತದಲ್ಲಿ ಈ ಕೆಲಸ ಮಾಡಿದವರು ವೈದ್ಯರು. ಚರಕಸಂಹಿತೆಯಲ್ಲಿ ಮಾಂಸವನ್ನು ಎಂಟು ವರ್ಗಗಳಾಗಿ ವಿಂಗಡಿಸಲಾಗಿದೆ. ಪ್ರಾಣಿ ಎಲ್ಲಿ ಬದುಕುತ್ತದೆ, ಹೇಗೆ ತಿನ್ನುತ್ತದೆ ಎಂಬುದೇ ಅಲ್ಲಿನ ಅಳತೆ. ಬಿಲದಲ್ಲಿರುವವು, ಜೌಗಿನವು, ನೀರಿನವು ಇತ್ಯಾದಿಗಳ ಜೊತೆಗೆ ಹಕ್ಕಿಗಳಿಗೆಂದೇ ಎರಡು ವರ್ಗಗಳಿವೆ. ಕೊಕ್ಕಿನಿಂದ ಕುಟುಕಿ ತಿನ್ನುವವು ಪ್ರತುದಗಳು. ಪಾರಿವಾಳ, ಗಿಳಿಗಳು ಇಲ್ಲಿ ಬರುತ್ತವೆ. ಕೆದರಿ, ಚೆಲ್ಲಾಡಿ ತಿನ್ನುವವು ವಿಷ್ಕಿರಗಳು. ಆ ವಿಷ್ಕಿರಗಳ ಪಟ್ಟಿ ನೋಡಿದರೆ ಬೆರಗಾಗುತ್ತದೆ. ಲಾವ, ವರ್ತಕ, ಕಪಿಂಜಲ, ಚಕೋರ, ತಿತ್ತಿರಿ, ನವಿಲು, ಕುಕ್ಕುಟ. ಅಲ್ಲೊಂದು ಇಲ್ಲೊಂದು ಹೊರಗಿನ ಹೆಸರು ನುಸುಳಿದ್ದರೂ ಪಟ್ಟಿಯ ಬಹುಪಾಲು ಇಂದಿನ ಗ್ಯಾಲಿಫಾರ್ಮಿಸ್ ಗಣದ್ದೇ. ಚರಕನಿಗೆ ಹಕ್ಕಿಗಳ ವಂಶಾವಳಿ ಬೇಕಿರಲಿಲ್ಲ. ಯಾವ ರೋಗಿಗೆ ಯಾವ ರಸ ಕೊಡಬೇಕೆಂಬುದಷ್ಟೇ ಬೇಕಿತ್ತು. ಆದರೂ ಅವನ ಕಣ್ಣು ಸರಿಯಾದ ಜಾಗದಲ್ಲಿ, ಕಾಲಿನ ಮೇಲೆ, ನೆಟ್ಟಿತ್ತು.

ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರನಿಗೆ ಬೇಕಾದದ್ದು ಇನ್ನೂ ಬೇರೆ. 12ನೇ ಶತಮಾನದ ಅವನ ‘ಮಾನಸೋಲ್ಲಾಸ’ದಲ್ಲಿ ಅರಸರ ವಿನೋದಗಳನ್ನು ವಿವರಿಸುವಾಗ ಕುಕ್ಕುಟ ವಿನೋದ, ಲಾವಕ ವಿನೋದ ಎಂಬ ಪ್ರಕರಣಗಳು ಬರುತ್ತವೆ: ಕೋಳಿ ಕಾಳಗ, ಲಾವುಗೆ ಕಾಳಗ. ವೈದ್ಯನ ಪಥ್ಯದಲ್ಲಿ ನೆಂಟರಾಗಿದ್ದ ಹಕ್ಕಿಗಳು ಅರಸನ ಅಖಾಡದಲ್ಲೂ ಜೊತೆಯಾಗಿವೆ.

ಯುರೋಪಿಗೆ ಈ ‘ಕೆದರುವಿಕೆ’ ಹೊಳೆದದ್ದು ತಡವಾಗಿ. 1811ರಲ್ಲಿ ಜರ್ಮನಿಯ ಯೋಹಾನ್ ಇಲ್ಲಿಗರ್ ಕೋಳಿಯಂಥ ಹಕ್ಕಿಗಳಿಗೆ ‘ರೇಸೋರೆಸ್’ ಎಂಬ ಹೊಸ ಹೆಸರು ಕೊಟ್ಟ. ಲ್ಯಾಟಿನ್ನಿನಲ್ಲಿ ಅದಕ್ಕೆ ಕೆರೆಯುವವು ಎಂದೇ ಅರ್ಥ. ಮದರಾಸು ಸೇನೆಯ ವೈದ್ಯನಾಗಿದ್ದ ಥಾಮಸ್ ಜೆರ್ಡನ್ 1862–64ರಲ್ಲಿ ‘ಬರ್ಡ್ಸ್ ಆಫ್ ಇಂಡಿಯಾ’ ಪ್ರಕಟಿಸಿದಾಗ ನಮ್ಮ ಕಾಡುಕೋಳಿ, ಗೌಜಲು, ಲಾವುಗೆಗಳು ಆ ಹೆಸರಿನಡಿಯಲ್ಲೇ ಬಂದವು. ವಿಷ್ಕಿರವನ್ನು ಯಾರೂ ಅನುವಾದಿಸಿರಲಿಲ್ಲ. ಚರಕನಿಗೂ ಇಲ್ಲಿಗರ್‌ಗೂ ಹಕ್ಕಿಯೇ ಅದನ್ನು ತೋರಿಸಿಕೊಟ್ಟಿತ್ತು.

ಲಿನಿಯಸ್‌ನ ಗಣದೊಳಗೆ ಎಡವಟ್ಟುಗಳೂ ಇದ್ದವು. ಮೆಲಿಯಾಗ್ರಿಸ್ ಎಂಬುದು ಗ್ರೀಕರಿಗೆ ಆಫ್ರಿಕಾದ ಗಿನಿಕೋಳಿ. ಲಿನಿಯಸ್ ಅದನ್ನು ಎತ್ತಿ ಅಮೆರಿಕದ ಟರ್ಕಿಗೆ ಕೊಟ್ಟ. ಗಿನಿಕೋಳಿಗೆ ಅದು ಎರಡನೆಯ ಹೆಸರಾಗಿ ಮಾತ್ರ ಉಳಿಯಿತು. 1766ರ ಆವೃತ್ತಿಯಲ್ಲಂತೂ ಮಾರಿಷಸ್ಸಿನಲ್ಲಿ ಆಗಲೇ ಅಳಿದಿದ್ದ ಡೋಡೋ ಹಕ್ಕಿಯನ್ನು ಕೋಳಿಗಳ ಸಾಲಿಗೆ ಸೇರಿಸಿದ. ಅದು ಪಾರಿವಾಳದ ಬಳಗದ್ದೆಂದು ಡೆನ್ಮಾರ್ಕಿನ ರೈನ್‌ಹಾರ್ಟ್ 1842ರಲ್ಲಿ ತಲೆಬುರುಡೆ ನೋಡಿ ಹೇಳಿದಾಗ ಕೇಳಿದವರು ನಕ್ಕರು. 2002ರಲ್ಲಿ ಡಿಎನ್‌ಎ ಅವನ ಮಾತನ್ನೇ ಎತ್ತಿಹಿಡಿಯಿತು.

ಗಣದ ಹೆಸರಿನ ಒಡೆಯನಾದ ಕೋಳಿಗೇ ಮೂಲಪುರುಷ ಯಾರು ಎಂಬ ಪ್ರಶ್ನೆ ಇನ್ನೂ ರಗಳೆಯದು. ಇಲ್ಲಿ ಕಥೆ ನಮ್ಮ ಘಟ್ಟಗಳಿಗೆ ಬರುತ್ತದೆ.

ಪಿಯರ್ ಸೊನ್ನೆರಾ ಫ್ರಾನ್ಸಿನ ಲಿಯೋನ್ ನಗರದವನು, ಪುದುಚೇರಿಯಲ್ಲಿ ವರ್ಷಗಟ್ಟಲೆ ಇದ್ದವನು. 1782ರಲ್ಲಿ ಅವನು ಪ್ರಕಟಿಸಿದ ಭಾರತ–ಚೀನಾ ಪ್ರವಾಸದ ಗ್ರಂಥದಲ್ಲಿ ಘಟ್ಟಗಳ ಕಾಡುಹುಂಜವೊಂದರ ವರ್ಣನೆಯಿದೆ. ಮೈ ಬೂದು. ಕತ್ತಿನ ಕಪ್ಪು ಗರಿಗಳ ತುದಿಯಲ್ಲಿ ಅರಗು ಮೆತ್ತಿದ ಹಾಗೆ ಹೊಳೆಯುವ ಹಳದಿ ಚುಕ್ಕೆಗಳು. ಮಲೆನಾಡು, ಕೊಡಗಿನವರಿಗೆ ಇದು ಬೆಳಗಿನ ಜಾವ ಬಿದಿರುಮೆಳೆಯಿಂದ ಕೂಗುವ ಕಾಡುಕೋಳಿ. ಊರ ಹುಂಜದ ಉದ್ದನೆಯ ಕೂಗಿಗೂ ಇದರ ಕಡಿದು ಕಡಿದು ಬರುವ ಕೂಗಿಗೂ ಹೋಲಿಕೆ ಕಡಿಮೆ. ಸೊನ್ನೆರಾ ಮಾತ್ರ ಜಗತ್ತಿನ ಸಾಕುಕೋಳಿಗಳ ಮೂಲ ಇದೇ ಎಂದು ನಂಬಿದ.

ಅವನ ಮಾತಿಗೆ ಎಷ್ಟು ಬೆಲೆ? ಅದೇ ಸಮಸ್ಯೆ. 1776ರಲ್ಲಿ ಅವನು ನ್ಯೂಗಿನಿ ಪ್ರವಾಸದ ಪುಸ್ತಕ ಬರೆದು, ತಾನು ಕಾಲಿಡದ ಆ ದ್ವೀಪದ ಹಕ್ಕಿಗಳೆಂದು ಪೆಂಗ್ವಿನ್ನುಗಳನ್ನೂ ಆಸ್ಟ್ರೇಲಿಯಾದ ನಗುವ ಮಿಂಚುಳ್ಳಿಯನ್ನೂ ವರ್ಣಿಸಿದ್ದ. ಒಂದು ಪೆಂಗ್ವಿನ್ ಇಂದಿಗೂ ತನ್ನ ವೈಜ್ಞಾನಿಕ ಹೆಸರಿನಲ್ಲಿ ‘ಪಪುವಾ’ವನ್ನು ಹೊತ್ತುಕೊಂಡಿರುವುದಕ್ಕೆ ಆ ಪುಸ್ತಕವೇ ಕಾರಣ. ಇಂಥವನು ಕೋಳಿಯ ಮೂಲಪುರುಷನನ್ನು ಕಂಡೆನೆಂದರೆ ಹುಬ್ಬೇರಿಸುವವರು ಇದ್ದೇ ಇರುತ್ತಾರೆ.

ಆದರೂ ಹಕ್ಕಿ ನಿಜವಾಗಿತ್ತು. ಹಾಲೆಂಡಿನ ಕೋನ್ರಾಡ್ ಟೆಮ್ಮಿಂಕ್ ಅದಕ್ಕೆ 1813ರಲ್ಲಿ ಗ್ಯಾಲಸ್ ಸೊನ್ನೆರಾಟಿ ಎಂದು ಹೆಸರಿಟ್ಟ. ಟೆಮ್ಮಿಂಕನ ತಂದೆ ಡಚ್ ಈಸ್ಟ್ ಇಂಡಿಯಾ ಕಂಪನಿಯ ಖಜಾಂಚಿ. ಹಡಗಿನಲ್ಲಿ ಬಂದಿಳಿಯುವ ಗರಿ, ತೊಗಲುಗಳ ನಡುವೆಯೇ ಬೆಳೆದವನು ಮಗ. 1813ರಿಂದ 1815ರವರೆಗೆ ಮೂರು ಸಂಪುಟಗಳಲ್ಲಿ ಅವನು ಪಾರಿವಾಳಗಳ ಮತ್ತು ಕೋಳಿಬಳಗದ ಚರಿತ್ರೆ ಬರೆದ. 1820ರಲ್ಲಿ ಲೈಡನ್ ನಗರದ ಹೊಸ ಮ್ಯೂಸಿಯಮ್ಮಿಗೆ ಮೊದಲ ನಿರ್ದೇಶಕನಾದ. ಗ್ಯಾಲಿಫಾರ್ಮಿಸ್ ಎಂಬ ಹೆಸರಿನ ಮುಂದೆ ಇಂದು ಕರ್ತೃವೆಂದು ಬರೆಯುವುದು ಅವನ ಹೆಸರನ್ನೇ.

ಸೊನ್ನೆರಾನ ವಾದವನ್ನು ಬದಿಗೆ ಸರಿಸಿದವನು ಚಾರ್ಲ್ಸ್ ಡಾರ್ವಿನ್. ಡಾರ್ವಿನ್‌ಗೆ ಭಾರತದ ಕಣ್ಣು–ಕಿವಿಯಾಗಿದ್ದವನು ಕಲ್ಕತ್ತಾದ ಎಡ್ವರ್ಡ್ ಬ್ಲಿತ್, 1841ರಿಂದ ಎರಡು ದಶಕ ಏಷ್ಯಾಟಿಕ್ ಸೊಸೈಟಿಯ ಮ್ಯೂಸಿಯಂ ನೋಡಿಕೊಂಡವನು. 1855ರಿಂದ ಅವನು ಡಾರ್ವಿನ್‌ಗೆ ಬರೆದ ದೀರ್ಘ ಪತ್ರಗಳಲ್ಲಿ ಇಲ್ಲಿನ ಸಾಕುಪ್ರಾಣಿಗಳ ಸಂಗತಿಗಳು ತುಂಬಿವೆ. ಗೋದಾವರಿಯಿಂದ ಆಚೆಗೆ, ಪೂರ್ವ ಮತ್ತು ಉತ್ತರದ ಕಾಡುಗಳಲ್ಲಿರುವ ಕೆಂಪು ಕಾಡುಕೋಳಿಯೇ ಸಾಕುಕೋಳಿಯ ಮೂಲ ಎಂದು ಬ್ಲಿತ್ ಪಟ್ಟು ಹಿಡಿದಿದ್ದ. ಅದರ ಕೂಗು, ಬಣ್ಣ, ಗರಿ ಎಲ್ಲ ಊರ ಕೋಳಿಯದೇ. ಅದಕ್ಕಿಂತ ದೊಡ್ಡ ಸಾಕ್ಷಿ ಮೊಟ್ಟೆಯಲ್ಲಿತ್ತು. ಮೂರು ಬಗೆಯ ಕಾಡುಕೋಳಿಗಳನ್ನೂ ಅವುಗಳ ಮಿಶ್ರತಳಿಗಳನ್ನೂ ಒಂದರೊಡನೊಂದು ಕೂಡಿಸಿ ಪಡೆದ ಸುಮಾರು 500 ಮೊಟ್ಟೆಗಳನ್ನು ಸಾಲ್ಟರ್ ಎಂಬಾತ ಪರೀಕ್ಷಿಸಿದ. ಹೆಚ್ಚಿನವು ಫಲಿತವಾಗಿದ್ದವು, ಆದರೆ ಭ್ರೂಣಗಳು ನಡುದಾರಿಯಲ್ಲೇ ಸತ್ತಿದ್ದವು; ಕೊನೆಗೆ ಬೆಳೆದು ಬದುಕಿದ ಮರಿಗಳು ಬರೀ 12. ಬೂದು ಕಾಡುಕೋಳಿ ಊರ ಕೋಳಿಯ ಅಪ್ಪನಾಗಿದ್ದರೆ ಇಬ್ಬರ ಸಂತಾನ ಇಷ್ಟು ಸೊರಗುವುದುಂಟೇ? 1868ರಲ್ಲಿ ಸಾಕುಪ್ರಾಣಿ, ಸಾಕುಸಸ್ಯಗಳ ಕುರಿತ ತನ್ನ ದೊಡ್ಡ ಗ್ರಂಥದಲ್ಲಿ ಡಾರ್ವಿನ್ ತೀರ್ಪು ಬರೆದ. ಮೂಲಪುರುಷ ಒಬ್ಬನೇ, ಕೆಂಪು ಕಾಡುಕೋಳಿ. ಮುಂದಿನ 140 ವರ್ಷ ಪಾಠಪುಸ್ತಕಗಳು ಇದನ್ನೇ ಹೇಳಿದವು.

ಅದೇ 1868ರಲ್ಲಿ, ಅದೇ ಲಂಡನ್ನಿನಲ್ಲಿ, ಡಾರ್ವಿನ್ನನ ಬಂಟನೆಂದೇ ಹೆಸರಾದ ಥಾಮಸ್ ಹಕ್ಸ್ಲಿ ಗಣದ ಗಡಿಯನ್ನೇ ಮತ್ತೆ ಅಳೆಯಲು ಹೊರಟ. ಅದರ ಹಿಂದಿನ ವರ್ಷವಷ್ಟೇ ಅವನು ಅಂಗುಳಿನ ಎಲುಬುಗಳನ್ನು ನೋಡಿ ಹಕ್ಕಿಗಳನ್ನೆಲ್ಲ ಮರುವಿಂಗಡಿಸಿದ್ದ. ಗರಿ, ಬಣ್ಣ, ಬದುಕುವ ಬಗೆ ಯಾವುದೂ ಅವನಿಗೆ ಬೇಡ; ಎಲುಬು ಸಾಕು. ಹೊಸ ಪ್ರಬಂಧದಲ್ಲಿ ಅವನು ಕೋಳಿಗಳನ್ನು ಹಿಂಬೆರಳಿನ ಲೆಕ್ಕದಲ್ಲಿ ಎರಡಾಗಿ ಸೀಳಿದ. ಕೋಳಿ, ನವಿಲು, ಗೌಜಲುಗಳಲ್ಲಿ ಹಿಂಬೆರಳು ಉಳಿದವಕ್ಕಿಂತ ಮೇಲೆ ಕೂತಿರುತ್ತದೆ. ದಕ್ಷಿಣ ಅಮೆರಿಕದ ಕ್ರ್ಯಾಕ್ಸ್ ಬಳಗದಲ್ಲೂ ಮೆಗಾಪೋಡುಗಳಲ್ಲೂ ಅದು ಪಾರಿವಾಳದ ಹಾಗೆ ನೆಲಕ್ಕೆ ಸಮನಾಗಿದೆ.

ಮೆಗಾಪೋಡುಗಳು ಒಂದು ವಿಚಿತ್ರ. ಇವು ಕಾವು ಕೂರುವುದಿಲ್ಲ. ಮರಳು, ಮಣ್ಣು, ಎಲೆಗಳನ್ನು ಬಲವಾದ ಕಾಲಿನಿಂದ ಕೆದರಿ ಗುಡ್ಡೆ ಹಾಕಿ ಅದರೊಳಗೆ ಮೊಟ್ಟೆ ಹೂಳುತ್ತವೆ. ಕೊಳೆಯುವ ಎಲೆಗಳ ಮತ್ತು ಬಿಸಿಲಿನ ಕಾವಿನಲ್ಲಿ ಬಲಿತ ಮರಿ ಗುಡ್ಡೆ ತೋಡಿಕೊಂಡು ಹೊರಬಂದಾಗ ಗರಿ ಸಮೇತ ಸಿದ್ಧ, ತಾಯಿಯ ಹಂಗಿಲ್ಲ. ಭಾರತದ ಪಾಲಿಗೆ ಇವುಗಳಲ್ಲಿ ಒಂದು ಬಂದಿದೆ. ನಿಕೋಬಾರ್ ದ್ವೀಪಗಳ ಆ ಹಕ್ಕಿಗೆ 1846ರಲ್ಲಿ ಹೆಸರಿಟ್ಟವನು ಇದೇ ಬ್ಲಿತ್. ದಡದ ಬಳಿಯೇ ಗುಡ್ಡೆ ಕಟ್ಟುವ ಅದರ ಅಭ್ಯಾಸ 2004ರ ಸುನಾಮಿಯಲ್ಲಿ ಮುಳುವಾಯಿತು; ಗುಡ್ಡೆಗಳೊಂದಿಗೆ ಸಂಖ್ಯೆಯೂ ತೀವ್ರವಾಗಿ ಕುಸಿಯಿತು.

ಹಕ್ಸ್ಲಿಯ ಪ್ರಬಂಧಕ್ಕೆ ಇನ್ನೊಂದು ಖ್ಯಾತಿಯೂ ಇದೆ. ಫೆಸೆಂಟ್ ಬಳಗ ಎಲ್ಲಿ ನಿಲ್ಲುತ್ತದೆ, ಮೆಗಾಪೋಡುಗಳು ಎಲ್ಲಿ ಮೊದಲಾಗುತ್ತವೆ ಎಂದು ನಕ್ಷೆಯಲ್ಲಿ ಗುರುತಿಸುತ್ತ ಅವನು ಇಂಡೋನೇಷ್ಯಾದ ದ್ವೀಪಗಳ ನಡುವಿನ ಗೆರೆಯೊಂದನ್ನು ‘ವ್ಯಾಲೇಸ್ ರೇಖೆ’ ಎಂದು ಕರೆದ. ಭೂಗೋಳದ ವಿದ್ಯಾರ್ಥಿಗಳು ಇಂದು ಓದುವ ಆ ಹೆಸರು ಮೊದಲು ಅಚ್ಚಾದದ್ದು ಕೋಳಿಗಳ ಕುರಿತ ಲೇಖನದಲ್ಲಿ ಎಂಬುದು ಎಷ್ಟು ಜನರಿಗೆ ಗೊತ್ತೋ!

ಯಾರನ್ನು ಹೊರಗಿಡಬೇಕು ಎಂಬಲ್ಲೂ ಹಕ್ಸ್ಲಿಗೆ ಖಚಿತ ಅಭಿಪ್ರಾಯವಿತ್ತು. ಅಮೆಜಾನ್ ಕಾಡಿನ ಹೊವಾಟ್ಸಿನ್ ಹಕ್ಕಿಯನ್ನು 1776ರಲ್ಲಿ ಫೆಸೆಂಟ್ ಎಂದೇ ಹೆಸರಿಸಲಾಗಿತ್ತು. ಅದು ಎಲೆ ಮೇಯುತ್ತದೆ, ತಿಂದದ್ದನ್ನು ಗಂಟಲ ಕೆಳಗಿನ ಚೀಲದಲ್ಲಿ ಹುದುಗು ಬರಿಸುತ್ತದೆ, ಅದರ ಮರಿಗಳ ರೆಕ್ಕೆಯಲ್ಲಿ ಉಗುರುಗಳಿವೆ. ಹಕ್ಸ್ಲಿ ಅದನ್ನು ಕೋಳಿಗಳ ಪಕ್ಕದಲ್ಲಿ ಬೇರೆಯೇ ಗುಂಪಾಗಿ ಕೂರಿಸಿದ. ಆಮೇಲಿನವರು ಕೋಗಿಲೆಗಳ ಬಳಿ ಸೇರಿಸಿದರು, ಮತ್ತೆ ಎಬ್ಬಿಸಿದರು. ಇಡೀ ಜೀನೋಮ್ ಓದಿದ ಮೇಲೂ ಅದರ ಹತ್ತಿರದ ನೆಂಟರು ಯಾರೆಂಬ ವಿಚಾರದಲ್ಲಿ ಅಧ್ಯಯನಗಳು ಒಮ್ಮತಕ್ಕೆ ಬಂದಿಲ್ಲ. ಕೋಳಿಯಲ್ಲ ಎಂಬುದೊಂದೇ ಗಟ್ಟಿ.

ಈ ಪಂಡಿತರ ಜಗಳ ಕೋವಿ ಹಿಡಿದವರಿಗೆ ಬೇಕಿರಲಿಲ್ಲ. ಬ್ರಿಟಿಷ್ ಅಧಿಕಾರಿಗಳ ಲೋಕದಲ್ಲಿ ಹಕ್ಕಿಗಳಲ್ಲಿ ಎರಡೇ ಬಗೆ: ಶಿಕಾರಿಗೆ ಒದಗುವವು, ಒದಗದವು. ಮುಂದೆ 1885ರಲ್ಲಿ ಕಾಂಗ್ರೆಸ್ ಹುಟ್ಟಿಗೆ ಕಾರಣನಾದ ಅಲನ್ ಆಕ್ಟೇವಿಯನ್ ಹ್ಯೂಮ್ 1879–81ರಲ್ಲಿ ಮಾರ್ಷಲ್ ಎಂಬಾತನ ಜೊತೆಗೂಡಿ ಭಾರತ, ಬರ್ಮಾ, ಸಿಂಹಳಗಳ ಶಿಕಾರಿ ಹಕ್ಕಿಗಳ ಮೂರು ಸಂಪುಟ ತಂದ. ಕಾಡುಕೋಳಿ, ನವಿಲು, ಗೌಜಲುಗಳ ಜೊತೆಗೆ ಅಲ್ಲಿ ಎರ್ಲಡ್ಡು ಹಕ್ಕಿಯೂ ಬಾತುಗಳೂ ಸ್ಯಾಂಡ್‌ಗ್ರೌಸ್‌ಗಳೂ ಒಟ್ಟಿಗೇ ಇವೆ. ತಟ್ಟೆಗೆ ಬಂದ ಮೇಲೆ ಅಂಗುಳಿನ ಎಲುಬು ನೋಡುವವರು ಯಾರು?

ಸ್ಯಾಂಡ್‌ಗ್ರೌಸ್ ಹೊರಬಿದ್ದದ್ದು ಹೆಚ್ಚು ಗದ್ದಲವಿಲ್ಲದೆ. ಲಿನಿಯಸ್‌ಗೆ ಅದೊಂದು ಗ್ರೌಸ್. ಉತ್ತರ ಕರ್ನಾಟಕದ ಒಣ ಬಯಲುಗಳಲ್ಲೂ ಕಾಣುವ ಈ ಬಳಗಕ್ಕೆ ಬೇರೆ ಹೆಸರು ಕೊಟ್ಟು ಪ್ರತ್ಯೇಕಿಸಿದವನು ಟೆಮ್ಮಿಂಕ್. ಗಂಡು ಹಕ್ಕಿ ಹೊಟ್ಟೆಯ ಗರಿಗಳನ್ನು ನೀರಲ್ಲಿ ನೆನೆಸಿಕೊಂಡು ಹಾರಿ ಬಂದು ಮರಿಗಳಿಗೆ ಕುಡಿಸುತ್ತದೆ ಎಂದು 1896ರಲ್ಲಿ ಮೀಡ್–ವಾಲ್ಡೊ ಎಂಬಾತ ಹೇಳಿದಾಗ ನಂಬಿದವರು ಕಡಿಮೆ. 1967ರ ಹೊತ್ತಿಗೆ ಸಂಶೋಧಕರು ಮರುಭೂಮಿಯಲ್ಲಿ ಕಣ್ಣಾರೆ ನೋಡಿ ಖಚಿತಪಡಿಸಿದರು. ಇಂದು ಅವುಗಳ ಸ್ಥಾನ ಪಾರಿವಾಳಗಳ ಆಸುಪಾಸಿನಲ್ಲಿದೆ.

ಟರ್ನಿಕ್ಸ್ ಎಂಬ ಪುಟ್ಟ ಹಕ್ಕಿಯ ಕಥೆ ಮಾತ್ರ ಸ್ವಾರಸ್ಯದ್ದು. ಹೊಲದ ಬದುವಿನಲ್ಲಿ ಕಂಡರೆ ಯಾರಾದರೂ ಇದನ್ನು ಲಾವುಗೆ ಎಂದೇ ಹೇಳಬೇಕು. ಅದೇ ದುಂಡು ಮೈ, ಅದೇ ಕಂದು ಚುಕ್ಕೆ, ಅದೇ ಗಾಬರಿಯ ಹಾರಾಟ. ಆದರೆ ಕಾಲಿಗೆ ಮೂರೇ ಬೆರಳು, ಹಿಂಬೆರಳಿಲ್ಲ. ಹೆಣ್ಣೇ ದೊಡ್ಡದು, ಬಣ್ಣದ್ದು. ಕೂಗಿ ಕರೆಯುವವಳೂ ಜಗಳ ಕಾಯುವವಳೂ ಅವಳೇ. ಮೊಟ್ಟೆಯ ಮೇಲೆ ಕೂತು ಮರಿ ಸಾಕುವುದು ಗಂಡು. ಕೋಳಿಗಣದಿಂದ ಎಬ್ಬಿಸಿ ಇದನ್ನು ಕೊಕ್ಕರೆಗಳಂಥ ಕ್ರೇನ್‌ಗಳ ಗಣದಲ್ಲಿ ಬಹುಕಾಲ ಕೂರಿಸಿದ್ದರು. 2000ದ ದಶಕದ ಡಿಎನ್‌ಎ ಅಧ್ಯಯನಗಳು ಅಲ್ಲಿಂದಲೂ ಎಬ್ಬಿಸಿ ಕಡಲಹಕ್ಕಿಗಳ, ಅಂದರೆ ಗಲ್‌ಗಳ, ನೆಂಟಸ್ತಿಕೆಗೆ ಸೇರಿಸಿದವು. ಹೊಲದಲ್ಲಿ ಬದುಕುವ ಹಕ್ಕಿಗಳು ಒಂದೇ ಬಗೆಯ ಒತ್ತಡಕ್ಕೆ ಸಿಕ್ಕಿ ಒಂದೇ ವೇಷ ತೊಟ್ಟಿದ್ದವು. ಕಣ್ಣನ್ನು ನೆಚ್ಚಿದವರೆಲ್ಲ ಮೋಸಹೋದದ್ದು ಇಲ್ಲೇ.

ಎಲುಬಿನಿಂದ ಅಣುವಿಗೆ ಹಾರಿದ ಹೆಜ್ಜೆ ಅಮೆರಿಕದ ಚಾರ್ಲ್ಸ್ ಸಿಬ್ಲಿಯದು. 1960ರಲ್ಲಿ ಅವನು ನೂರಾರು ಹಕ್ಕಿಗಳ ಮೊಟ್ಟೆಯ ಬಿಳಿಯನ್ನು ವಿದ್ಯುತ್ತಿನ ಸಹಾಯದಿಂದ ಬಿಡಿಸಿ, ಪ್ರೋಟೀನುಗಳ ಸಾಲುಗಳನ್ನು ಹೋಲಿಸಿದ. ಬಳಿಕ ಜಾನ್ ಆಲ್‌ಕ್ವಿಸ್ಟ್ ಜೊತೆ ಡಿಎನ್‌ಎಗೆ ಕೈಹಾಕಿದ. ಎರಡು ಹಕ್ಕಿಗಳ ಡಿಎನ್‌ಎ ಎಳೆಗಳನ್ನು ಹೆಣೆದು ನಿಧಾನವಾಗಿ ಕಾಯಿಸಿದರೆ, ನಂಟು ಹತ್ತಿರದ್ದಾದಷ್ಟೂ ಹೆಣಿಗೆ ಬಿಚ್ಚಲು ಹೆಚ್ಚು ಬಿಸಿ ಬೇಕು. 1990ರ ಅವರ ಬೃಹತ್ ಗ್ರಂಥದ ಹಲವು ತೀರ್ಮಾನಗಳು ಮುಂದೆ ಬಿದ್ದುಹೋದವು. ಗಟ್ಟಿಯಾಗಿ ನಿಂತವುಗಳಲ್ಲಿ ಒಂದು, ಕೋಳಿಗೆ ಅತಿ ಹತ್ತಿರದ ಗಣ ಬಾತುಗಳದ್ದು ಎಂಬುದು. ಪಾರಿವಾಳವಲ್ಲ, ಸ್ಯಾಂಡ್‌ಗ್ರೌಸ್ ಅಲ್ಲ, ನೀರಿನಲ್ಲಿ ಮೀಯುವ ಬಾತು! ಇವೆರಡನ್ನೂ ಕೂಡಿಸಿದ ಗುಂಪಿಗೆ ಗ್ಯಾಲೊಆನ್ಸೆರೇ ಎಂದು ಹೆಸರು. ದಕ್ಷಿಣ ಅಮೆರಿಕದ ಸ್ಕ್ರೀಮರ್ ಹಕ್ಕಿಗಳನ್ನು ನೋಡಿದವರಿಗೆ ಇದು ಅಷ್ಟು ಅಚ್ಚರಿಯಾಗಲಿಲ್ಲ: ಅವು ಬಾತಿನ ಗಣದವು, ಕೊಕ್ಕು ಮಾತ್ರ ಅಪ್ಪಟ ಕೋಳಿಯದು.

ಈ ಜೋಡಿ ಎಷ್ಟು ಹಳೆಯದೆಂಬುದಕ್ಕೆ ಉತ್ತರ ಬೆಲ್ಜಿಯಮ್ಮಿನ ಸುಣ್ಣಕಲ್ಲಿನಲ್ಲಿತ್ತು. ಹವ್ಯಾಸಿ ಸಂಗ್ರಾಹಕರೊಬ್ಬರಿಗೆ ಅಲ್ಲಿ ಸಿಕ್ಕಿದ್ದ ಕಲ್ಲಿನ ತುಂಡನ್ನು ಕೇಂಬ್ರಿಜ್‌ನ ಡೇನಿಯಲ್ ಫೀಲ್ಡ್ ತಂಡ ಸಿಟಿ ಸ್ಕ್ಯಾನ್ ಮಾಡಿದಾಗ ಒಳಗೊಂದು ಇಡೀ ತಲೆಬುರುಡೆ ಕಂಡಿತು. ಮುಂಭಾಗ ಕೋಳಿಯ ಹಾಗೆ, ಹಿಂಭಾಗ ಬಾತಿನ ಹಾಗೆ. ವಯಸ್ಸು ಸುಮಾರು 6.67 ಕೋಟಿ ವರ್ಷ, ಡೈನೊಸಾರುಗಳು ಇನ್ನೂ ಓಡಾಡುತ್ತಿದ್ದ ಕಾಲ. 2020ರಲ್ಲಿ ಅದಕ್ಕಿಟ್ಟ ಆಸ್ಟೀರಿಯಾರ್ನಿಸ್ ಎಂಬ ಹೆಸರು ಗ್ರೀಕ್ ಪುರಾಣದ ಆಸ್ಟೀರಿಯಾಳದ್ದು. ಉದುರುವ ನಕ್ಷತ್ರಗಳ ದೇವತೆಯಾದ ಆಕೆ ಕಥೆಯಲ್ಲಿ ಲಾವುಗೆಯಾಗಿ ಮಾರ್ಪಡುತ್ತಾಳೆ. ಆಕಾಶದಿಂದ ಬಂಡೆ ಬಿದ್ದು ಡೈನೊಸಾರುಗಳು ಅಳಿಯುವ ತುಸು ಮುಂಚಿನ ಹಕ್ಕಿಗೆ ಒಪ್ಪುವ ಹೆಸರೇ.

ಸೊನ್ನೆರಾನ ಕಾಡುಹುಂಜಕ್ಕೆ ಮತ್ತೆ ಬರಬೇಕು. ಕೋಳಿ ಅಂಗಡಿಯಲ್ಲಿ ಬ್ರಾಯ್ಲರ್ ಕೋಳಿಯ ಕಾಲು ಹಳದಿ. ಕೆಂಪು ಕಾಡುಕೋಳಿಯ ಕಾಲು ಬೂದು, ತೊಗಲು ಬಿಳಿ. ಜೋಳ, ಸೊಪ್ಪುಗಳಲ್ಲಿರುವ ಹಳದಿ ಬಣ್ಣದ ಕ್ಯಾರೊಟಿನಾಯ್ಡುಗಳನ್ನು ತೊಗಲಲ್ಲಿ ಒಡೆದುಹಾಕುವ ಕಿಣ್ವವೊಂದಿದೆ. ಹಳದಿ ಕಾಲಿನ ಕೋಳಿಗಳ ತೊಗಲಲ್ಲಿ ಆ ಕಿಣ್ವದ ಜೀನ್ ಸರಿಯಾಗಿ ಕೆಲಸ ಮಾಡುವುದಿಲ್ಲ, ಆದ್ದರಿಂದ ಬಣ್ಣ ಹಾಗೇ ಉಳಿಯುತ್ತದೆ. 2008ರಲ್ಲಿ ಲೀಫ್ ಆಂಡರ್ಸನ್ ಅವರ ತಂಡ ಈ ಜೀನಿನ ಹಳದಿ ರೂಪವನ್ನು ಕಾಡುಕೋಳಿಗಳಲ್ಲಿ ಹುಡುಕಿತು. ಕೆಂಪಿನಲ್ಲಿ ಸಿಗಲಿಲ್ಲ, ಹೊಂದಿಕೆಯಾದದ್ದು ದಕ್ಷಿಣ ಭಾರತದ ಬೂದು ಕಾಡುಕೋಳಿಯಲ್ಲಿ. ಸಾಕುಕೋಳಿ ಭಾರತಕ್ಕೆ ಬಂದ ಮೇಲೆ ಯಾವುದೋ ಕಾಲದಲ್ಲಿ ಕಾಡಿನಂಚಿನ ಊರುಗಳಲ್ಲಿ ಎರಡೂ ಕೂಡಿರಬೇಕು. ಸಾಲ್ಟರ್‌ನ 500ರಲ್ಲಿ ಉಳಿದ 12ರಂಥ ಅಪರೂಪದ ಮರಿಗಳ ಮೂಲಕ ಆ ಜೀನ್ ಊರಿಗೆ ಬಂದಿರಬೇಕು. ಆಂಡರ್ಸನ್ ಇರುವುದು ಉಪ್ಸಾಲಾ ವಿಶ್ವವಿದ್ಯಾಲಯದಲ್ಲಿ, ಲಿನಿಯಸ್ ಪಾಠ ಹೇಳಿದ ಜಾಗದಲ್ಲಿ.

ಹಾಗೆಂದು ಡಾರ್ವಿನ್ ಸೋತನೆನ್ನುವಂತಿಲ್ಲ. 2020ರಲ್ಲಿ 863 ಕೋಳಿ ಮತ್ತು ಕಾಡುಕೋಳಿಗಳ ಜೀನೋಮ್ ಹೋಲಿಸಿದ ಅಧ್ಯಯನ, ಮೂಲ ಕೆಂಪು ಕಾಡುಕೋಳಿಯೇ ಎಂದು ತೋರಿಸಿತು; ಅದರ ಉಪಜಾತಿಗಳಲ್ಲೂ ನೈಋತ್ಯ ಚೀನಾ, ಉತ್ತರ ಥಾಯ್ಲೆಂಡ್, ಮ್ಯಾನ್ಮಾರ್‌ಗಳಲ್ಲಿರುವ ಸ್ಪಾಡಿಸಿಯಸ್. 2022ರಲ್ಲಿ ಪುರಾತತ್ವಶಾಸ್ತ್ರಜ್ಞರು ಖಚಿತವಾದ ಅತಿ ಹಳೆಯ ಸಾಕುಕೋಳಿಯ ಮೂಳೆಗಳು ಮಧ್ಯ ಥಾಯ್ಲೆಂಡಿನ ಬಾನ್ ನೋನ್ ವಾಟ್‌ನವು, ಕ್ರಿ.ಪೂ. 1650–1250ರವು, ಎಂದರು. ಭತ್ತ, ನವಣೆಗಳ ಒಣ ಬೇಸಾಯ ಬಂದ ಕಡೆ ಚೆಲ್ಲಿದ ಕಾಳಿಗೆ ಕಾಡುಕೋಳಿ ತಾನಾಗಿ ಬಂದಿತು ಎಂಬುದು ಅವರ ವಾದ. ಕೆದರಿ ತಿನ್ನುವ ಗುಣವೇ ಅದನ್ನು ಮನುಷ್ಯರ ಅಂಗಳಕ್ಕೆ ಎಳೆತಂದಿತ್ತು.

ಈಗಿನ ತಲೆನೋವು ತಿರುಗುಮುರುಗಾಗಿದೆ. ಊರಿನ ಕೋಳಿ ಕಾಡಿಗೆ ನುಗ್ಗಿ ಕೆಂಪು ಕಾಡುಕೋಳಿಯೊಂದಿಗೆ ಕೂಡುತ್ತಿದೆ. 2023ರಲ್ಲಿ ಸಿಂಗಾಪುರದ ರಾಷ್ಟ್ರೀಯ ವಿಶ್ವವಿದ್ಯಾಲಯದ ಸಂಶೋಧಕರು ಇಂದಿನ ಕಾಡುಕೋಳಿಗಳ ಜೀನೋಮನ್ನು ನೂರು ವರ್ಷಕ್ಕೂ ಹಿಂದೆ ಸಂಗ್ರಹಿಸಿ ಮ್ಯೂಸಿಯಮ್ಮುಗಳಲ್ಲಿ ಇಟ್ಟಿದ್ದ ತೊಗಲುಗಳೊಂದಿಗೆ ಹೋಲಿಸಿ ನೋಡಿದರು. ಕಾಡಿನ ಹಕ್ಕಿಗಳ ಜೀನೋಮಿನಲ್ಲಿ ಶೇ. 20ರಿಂದ 50ರಷ್ಟು ಪಾಲು ಸಾಕುಕೋಳಿಯಿಂದ ಬಂದದ್ದೆಂದು ಲೆಕ್ಕ ಸಿಕ್ಕಿತು. ಗ್ಯಾಲಸ್ ಗ್ಯಾಲಸ್ ಎಂಬ ಹೆಸರಿನ ಕಾಡುಹಕ್ಕಿ ಮೂಲದಲ್ಲಿ ಹೇಗಿತ್ತೆಂದು ತಿಳಿಯಬೇಕಾದ ತಳಿವಿಜ್ಞಾನಿಗಳು ಈಗ ಹಳೆಯ ಸಂಗ್ರಹಗಳ ಸೆಳೆಖಾನೆ ಎಳೆದು, ಒಣಗಿದ ಕಾಲಿನ ತೊಗಲಿನಿಂದ ಚೂರೊಂದನ್ನು ಕತ್ತರಿಸಿಕೊಳ್ಳುತ್ತಾರೆ.